ಚೆಂಡಾಡುವ ಕೆಲಸ

ಹೋದ ತಿಂಗಳು ಮೇಲಿನ ಮನೆಗೆ ಬಣ್ಣ ಹೊಡೆಸುತ್ತಿದ್ದೆ. ಪೇಂಟರ್ ಮೆಟ್ಟಿಲಿಳಿದು ಬಂದು, "ಅಮ್ಮಾ, ಒಂದ್ನಿಮಿಷ ಮೇಲ್ ಬರ್ತೀರಾ?" ಎಂದು ಕರೆದ. ಬಾಡಿಗೆಯವರು ಖಾಲಿ ಮಾಡಿ ಹೋದ ಮನೆಯಿಂದ ಹೀಗೆ ಕರೆ ಬಂದರೆ ಒಡತಿಯ ಎದೆ ಹೊಡೆದುಕೊಳ್ಳುತ್ತದೆ ನೋಡಿ. ಒಂದೋ ಪೈಪು ಒಡೆದಿರುತ್ತದೆ, ಇಲ್ಲವೇ ಗೋಡೆ ಸೀಳಿರುತ್ತದೆ. ಎರಡೂ ಆಗಿರಲಿಲ್ಲ. ಹಳೆಯ ಬಣ್ಣ ಕೆರೆದ ಕಡೆ, ಬಾಗಿಲಿನ ಪಕ್ಕದ ಗೋಡೆಯಲ್ಲಿ, ಚಾವಣಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಮೇಲೆ ಒಂದು ಕಪ್ಪು ಗುರುತು ಎದ್ದು ಬಂದಿತ್ತು. ಬೆರಳುಗಳೆಲ್ಲ ಕಾಣುತ್ತಿದ್ದವು.

"ಯಾರ್ದೋ ಕೈ ಅಮ್ಮ ಇದು. ಏಣಿ ಹಾಕ್ಕೊಂಡು ಹೋಗಿ ಅಲ್ಲಿ ಕೈ ಇಡೋ ಅಂಥದ್ದು ಯಾರಿಗೇನಿತ್ತು?" ಎಂದ ಅವನು.

ಏಣಿ ಯಾರೂ ಹಾಕಿರಲಿಲ್ಲ. ಹತ್ತು ವರ್ಷದ ಹಿಂದೆ ಆ ಮನೆಯಲ್ಲಿದ್ದ ಗಿರಿಜಾ ಬೆಳಿಗ್ಗೆ ಹೊರಗೆ ಹೊರಡುವಾಗ ಒಮ್ಮೆ ಚಿಮ್ಮಿ ಗೋಡೆ ಮುಟ್ಟಿಯೇ ಹೋಗುತ್ತಿದ್ದಳು. ಕೆಳಗಿದ್ದ ನಮಗೆ ಧಪ್ಪೆಂದು ಅವಳು ಇಳಿದ ಸದ್ದು ಕೇಳುತ್ತಿತ್ತು. ಸೂರಿನ ಧೂಳು ಉದುರುತ್ತದೆಯೋ ಎಂದು ನಾನು ಸಾರಿನ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದೆ. "ಉಡ್ಗಿ ಒಂಟ್ಳು," ಎನ್ನುತ್ತಿದ್ದರು ನಮ್ಮತ್ತೆ.

ನಮ್ಮದು ಬೆಂಗಳೂರಿನ ಅಂಚಿನ ಹೂಡಿ. ಈಗ ಹೂಡಿಗೆ ಬರುವವರು ಮೆಟ್ರೊ ಕಂಬಗಳನ್ನೂ ಗಾಜಿನ ಕಟ್ಟಡಗಳನ್ನೂ ನೋಡಿ, ಇಲ್ಲಿ ಊರು ಎಲ್ಲಿದೆ ಎಂದು ಕೇಳುತ್ತಾರೆ. ಊರು ಆ ಕಟ್ಟಡಗಳ ಹಿಂದೆ, ಓಣಿಯೊಳಗೆ ಇದೆ. ನಾನು ಕೋಲಾರದ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ದ್ರಾಕ್ಷಿ ಚಪ್ಪರವಿತ್ತು, ರಾಗಿ ಹೊಲವಿತ್ತು. ಆಮೇಲೆ ಹೊಲ ಹೋಯಿತು. ಇರುವ ಜಾಗದಲ್ಲೇ ಮನೆಯ ಮೇಲೆ ಮನೆ ಎದ್ದು ನಾವು ಬಾಡಿಗೆ ಕೊಡುವವರಾದೆವು. ನಾನು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಅತ್ತೆ ಹಿತ್ತಿಲಲ್ಲಿ ಒಂದು ಹಸು ಕಟ್ಟಿಕೊಂಡು, ಬರುವ ಹೋಗುವ ಬಾಡಿಗೆಯವರ ಜನ್ಮಜಾತಕ ವಿಚಾರಿಸಿಕೊಂಡು ಇದ್ದರು. ಸಾಫ್ಟ್‌ವೇರಿನವರು ಅವರಿಗೆ ಅಷ್ಟು ರುಚಿಸುತ್ತಿರಲಿಲ್ಲ. ಏನು ಕೆಲಸ ಎಂದು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ, ಹೇಳಿದರೂ ಅತ್ತೆಗೆ ತಿಳಿಯುತ್ತಿರಲಿಲ್ಲ.

ಗಿರಿಜಾ ಬಂದದ್ದು ಒಂದು ಭಾನುವಾರ. ಒಂದು ಟ್ರಂಕು, ಒಂದು ಚಾಪೆ, ಜಾಳಿಗೆ ಚೀಲದಲ್ಲಿ ಕಿತ್ತಳೆ ಬಣ್ಣದ ಒಂದು ದೊಡ್ಡ ಚೆಂಡು. ನಮ್ಮ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದು, ಒಳಗೆ ನಿಂತ ಮೇಲೂ ತಗ್ಗಿಸಿದ ತಲೆಯನ್ನು ಪೂರ್ತಿ ಎತ್ತಲಿಲ್ಲ. ಎಲ್ಲಾದರೂ ಏನಾದರೂ ಹೊಡೆದೀತು ಎಂಬ ಅಭ್ಯಾಸ ಅದು. ರೈಲ್ವೆ ಗೇಟಿನಾಚೆಯ ಒಂದು ಸರ್ಕಾರಿ ಕಂಪನಿಯಲ್ಲಿ ಕೆಲಸ ಎಂದಳು. ಅವಳು ಮೆಟ್ಟಿಲು ಹತ್ತಿ ಹೋಗುವುದನ್ನೇ ಕಾಯುತ್ತಿದ್ದ ಅತ್ತೆ ನನ್ನನ್ನು ಹಿಡಿದುಕೊಂಡರು.

"ಏನ್ ಕೆಲ್ಸವಂತೆ ಈ ಉಡ್ಗೀಗೆ?"

"ಬ್ಯಾಸ್ಕೆಟ್‌ಬಾಲ್ ಆಡ್ತಾಳೆ ಅತ್ತೆ. ಕಂಪನಿ ಟೀಮಿಗೆ."

"ಆಡ್ಲಿ. ಕೆಲ್ಸ ಏನು ಅಂದೆ."

"ಅದೇ ಕೆಲ್ಸ. ಆಡ್ಲಿ ಅಂತಲೇ ತಗೊಂಡಿರೋದು."

"ಸುಮ್ಕಿರು. ಚೆಂಡಾಡೋರ್ಗೆ ಯಾರ್ ಸಂಬ್ಳ ಕೊಟ್ಟಾರು?"

ನಿಜ ಹೇಳಬೇಕೆಂದರೆ ನನಗೂ ಅದೇ ಪ್ರಶ್ನೆ ಇತ್ತು. ಓದಿದವಳಾದ್ದರಿಂದ ಕೇಳಲಿಲ್ಲ, ಅಷ್ಟೇ. ಕ್ರಿಕೆಟ್ಟಿನವರಿಗೆ ಕೊಡುತ್ತಾರೆ ಎಂದು ಗೊತ್ತಿತ್ತು. ಆದರೆ ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಎದ್ದು ಓಡಿ, ಚೆಂಡು ಪುಟಿಸಿ, ಮಧ್ಯಾಹ್ನ ಆಫೀಸಿನಲ್ಲಿ ಸಹಿ ಹಾಕಿ, ಸಂಜೆ ಮತ್ತೆ ಚೆಂಡು ಪುಟಿಸಿ, ಅದನ್ನೇ ಉದ್ಯೋಗ ಅನ್ನುವುದು ಹೇಗಿರುತ್ತದೆ? ದಣಿವಾದ ದಿನ ಆಟ ಬೇಡ ಅನಿಸುವುದಿಲ್ಲವೇ? ನನಗೆ ಪಾಠ ಬೇಡ ಅನಿಸಿದ ದಿನಗಳು ಎಷ್ಟೋ ಇದ್ದವಲ್ಲ!

ತಿಳಿಯುವ ದಾರಿ ಅವಳೇ ತೋರಿಸಿದಳು. ಗದಗದ ಕಡೆಯವಳು, ಮಾತಿಗೆ ಬರವಿರಲಿಲ್ಲ. ಅವರ ಕಡೆ ಶಾಲೆಯ ಮೇಡಂಗೆ ಅಕ್ಕೋರು ಅನ್ನುತ್ತಾರಂತೆ, ಹಾಗಾಗಿ ನಾನು ಅಕ್ಕೋರು. ಅತ್ತೆ ಆಯಿ. "ಆಯಿ ಅಂದ್ರೇನೇ? ಅಜ್ಜಿ ಅನ್ನಬಾರ್ದಾ?" ಎಂದು ಅತ್ತೆ ಒಂದು ವಾರ ಗೊಣಗಿದರು. ಆಮೇಲೆ ಯಾರಾದರೂ ಅಜ್ಜಿ ಅಂದರೇ ತಿರುಗಿ ನೋಡುತ್ತಿರಲಿಲ್ಲ.

ತಾರಸಿಯ ಮೇಲೆ ಬಟ್ಟೆ ಹರವುತ್ತಾ ಒಂದು ದಿನ ಕೇಳಿದೆ, ಚಿಕ್ಕಂದಿನಿಂದಲೇ ಆಟ ಇಷ್ಟವಾ ಅಂತ.

"ಎಲ್ಲೀದ್ರೀ ಅಕ್ಕೋರ! ಆಟಾ ನೋಡಿ ಅಲ್ಲ, ಎತ್ತರಾ ನೋಡಿ ತಗೊಂಡ್ರು. ಕ್ರೀಡಾ ಹಾಸ್ಟೆಲ್‌ನವರು ನಮ್ಮ ಕನ್ನಡ ಸಾಲಿಗೆ ಬಂದು ಗ್ವಾಡಿಗೆ ನಿಂದ್ರಿಸಿ ಅಳತಿ ಮಾಡಿದ್ರು. ಅಲ್ಲೀತನಕಾ ನಾ ಆ ಚೆಂಡ ಕಣ್ಣಿಲೆ ನೋಡಿದ್ದಿಲ್ಲ. ಕುಂಬಳಕಾಯಿ ಅಂತ ತಿಳದಿದ್ದೆ. ನಮ್ಮವ್ವ ಅಳಾಕ ಹತ್ತಿದ್ಲು. ನಮ್ಮಪ್ಪ ಹಿಟ್ಟಿನ ಗಿರಣಿ ನಡಸ್ತಾನ, ಅಂವ ಅಂದಾ, ಇಷ್ಟುದ್ದ ಹುಡುಗಿಗೆ ನಾ ವರಾ ಎಲ್ಲಿಂದ ತರ್ಲಿ, ಹೋಗ್ಲಿ ಬಿಡು."

ಹೇಳಿ ತಾನೇ ನಕ್ಕಳು. ಮೊದಲ ವರ್ಷ ಹಾಸ್ಟೆಲಿನಲ್ಲಿ ದಿನವೂ ಅತ್ತಳಂತೆ. ಎರಡನೆಯ ವರ್ಷ ಒಂದು ಸಂಜೆ ಇದ್ದಕ್ಕಿದ್ದಂತೆ ಚೆಂಡು ಎಲ್ಲಿ ಬಂದು ಬೀಳುತ್ತದೆ ಎಂದು, ಬೀಳುವ ಮೊದಲೇ ಗೊತ್ತಾಗತೊಡಗಿತಂತೆ. "ಅವತ್ತಿನಿಂದ ಅಳೂದು ನಿಂತು ನೋಡ್ರಿ. ಯಾಕ ಗೊತ್ತಾಕ್ಕೈತಿ ಅಂತ ನನಗ ಇವತ್ತಿಗೂ ಗೊತ್ತಿಲ್ಲ."

"ಒಂದಾಟದಲ್ಲಿ ಎಷ್ಟು ಗೋಲು ಹಾಕ್ತೀಯ?" ಎಂದು ಕೇಳಿ ನನ್ನ ಜ್ಞಾನ ಪ್ರದರ್ಶನ ಮಾಡಿದೆ.

ಅದಕ್ಕೆ ಗೋಲು ಅನ್ನುವುದಿಲ್ಲ ಎಂದು ಅವಳು ತಿದ್ದಲಿಲ್ಲ. "ನಾ ಹಾಕೂದು ಕಡಿಮಿ ರೀ. ಬ್ಯಾರೇದವರು ಒಗದದ್ದು ಬುಟ್ಟಿಗೆ ಬೀಳಲಿಲ್ಲಂದ್ರ, ಆ ತಪ್ಪಿದ ಚೆಂಡ ಹಿಡಿಯೂದು ನನ್ನ ಕೆಲಸ," ಎಂದಳು.

ಇದು ನಮಗೆ ಇನ್ನೂ ವಿಚಿತ್ರವಾಗಿ ಕಂಡಿತು. ಹಾಗಾಗಿ ಒಂದು ಶನಿವಾರ ನಾನೂ ಅತ್ತೆಯೂ ಬಸ್ಸು ಹಿಡಿದು, ಪೇಟೆಯ ಕ್ರೀಡಾಂಗಣಕ್ಕೆ ಅವಳ ಮ್ಯಾಚ್ ನೋಡಲು ಹೋದೆವು. ಅತ್ತೆ ದೇವಸ್ಥಾನಕ್ಕೆ ಹೊರಟಂತೆ ರೇಷ್ಮೆ ಸೀರೆ ಉಟ್ಟಿದ್ದರು. ಒಳಗೆ ಬೂಟಿನ ಕಿರುಗುಟ್ಟುವ ಸದ್ದು, ಸೀಟಿ, ಬೈಗುಳದಂಥ ಕೂಗು. ನಮ್ಮ ಗಿರಿಜಾ ಬುಟ್ಟಿಯ ಕೆಳಗೆ ನಿಂತಿದ್ದಳು. ಮನೆಯಲ್ಲಿ ಬಗ್ಗಿಸಿಕೊಂಡಿರುತ್ತಿದ್ದ ಕುತ್ತಿಗೆ ಇಲ್ಲಿ ನೆಟ್ಟಗಿತ್ತು. ನಾನು ಆವರೆಗೆ ಅವಳ ಪೂರ್ತಿ ಎತ್ತರ ನೋಡಿಯೇ ಇರಲಿಲ್ಲ! ಎದುರು ತಂಡದ ಇಬ್ಬರು ಹುಡುಗಿಯರು ಎರಡೂ ಕಡೆಯಿಂದ ಅವಳನ್ನು ಒತ್ತುತ್ತಿದ್ದರು, ಮೊಣಕೈಯಿಂದ ತಿವಿಯುತ್ತಿದ್ದರು. ಅವಳು ಕಾಲೂರಿ ಕದಲದೆ ನಿಂತು, ಚೆಂಡು ಸಿಡಿದು ಬಂದ ಕೂಡಲೇ ಎಲ್ಲರ ತಲೆಗಳ ನಡುವಿನಿಂದ ಮೇಲೆದ್ದು ಹಿಡಿದು, ಯಾರಿಗೋ ಎಸೆದು, ಮತ್ತೆ ಬಂದು ಅದೇ ಜಾಗದಲ್ಲಿ ಗುದ್ದಿಸಿಕೊಳ್ಳಲು ನಿಲ್ಲುತ್ತಿದ್ದಳು.

ಅತ್ತೆ ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, "ಅವ್ರೆಲ್ಲ ತಪ್ಪಿಸ್ದುದ್ನ ಇವ್ಳು ಇಡ್ಕೊಡ್ತಾಳೆ. ಅಲ್ವಾ?" ಎಂದರು.

"ಹೂಂ."

"ಅವ್ರು ತಿರ್ಗಾ ಎಸೆದ್ರೆ ಚಪ್ಪಾಳೆ ಅವ್ರಿಗೆ."

"ಹೂಂ."

"ಗೊತ್ತಾಯ್ತು ಬುಡು. ಸೊಸೇದೀರ ಕೆಲ್ಸ."

ಆವತ್ತಿನಿಂದ ಅತ್ತೆಗೆ ಅವಳ ಉದ್ಯೋಗದ ಬಗ್ಗೆ ಯಾವ ಸಂಶಯವೂ ಉಳಿಯಲಿಲ್ಲ. ದಿನವೂ ಒಂದು ಚೊಂಬು ಹಾಲು ಮೇಲಕ್ಕೆ ಹೋಗತೊಡಗಿತು.

ಹೀಗೆ ಕೆಲವು ವರ್ಷ ನಡೆಯಿತು. ರಾಜ್ಯದ ತಂಡಕ್ಕೆ ಆಡಿದಳು, ಯಾವ ಯಾವುದೋ ಊರಿಗೆ ರೈಲಿನಲ್ಲಿ ಹೋಗಿ ಬಂದಳು. ಒಮ್ಮೆ ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಂದಳು. ಒಮ್ಮೆ ಮೊಣಕಾಲು ಊದಿಸಿಕೊಂಡು ಬಂದಳು. ಅದು ವಾಸಿಯಾಯಿತು, ಅಥವಾ ಆಯಿತೆಂದುಕೊಂಡೆವು. ಅಷ್ಟರಲ್ಲಿ ಮಾಲ್ಡೀವ್ಸಿನ ಒಂದು ಕ್ಲಬ್ಬಿನಿಂದ ಕರೆ ಬಂತು. ಅಲ್ಲಿನ ಹೆಣ್ಣುಮಕ್ಕಳ ಲೀಗಿಗೆ ಹೊರಗಿನ ಆಟಗಾರ್ತಿಯರನ್ನು ಕರೆಸುತ್ತಾರಂತೆ. ಕಂಪನಿ ವಿಶೇಷ ರಜೆ ಕೊಡಲು ಒಪ್ಪಿತು. ಅವಳ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ.

ಅದಕ್ಕಾಗಿ ವಿಚಾರಣೆಗೆ ಪೊಲೀಸಿನವರು ಬಂದಾಗ ಗಿರಿಜಾ ಮೈದಾನದಲ್ಲಿದ್ದಳು, ನಾನಾಗ ತಾನೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಪೇದೆ ಅಂಗಳದ ಸ್ಟೂಲಿನ ಮೇಲೆ ಕೂತು ಅತ್ತೆಯನ್ನೇ ಕೇಳುತ್ತಿದ್ದ.

"ಅಜ್ಜಿ, ಮೇಲಿನ್ಮನೆ ಹುಡುಗಿ ಏನ್ ಮಾಡ್ಕೊಂಡಿದಾಳೆ?"

"ಚೆಂಡಾಡ್ತಾಳೆ."

"ಅದಲ್ಲ ಅಜ್ಜಿ. ಹೊಟ್ಟೆಪಾಡಿಗೆ?"

"ಅದ್ನೇ ಏಳ್ತಾವ್ನಿ. ಒಟ್ಟೆಪಾಡ್ಗೇ ಚೆಂಡಾಡ್ತಾಳೆ. ಚೆಂಡಾಡೋರ್ಗೂ ಸಂಬ್ಳ ಕೊಡ್ತಾರೆ. ಪೊಲೀಸಾಗಿ ಅಷ್ಟೂ ಗೊತ್ತಿಲ್ವಾ ನಿಂಗೆ?"

ಪೇದೆ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಬರೆದುಕೊಂಡು, ಕಾಫಿ ಕುಡಿದು ಹೋದ.

ಮಾಲ್ಡೀವ್ಸಿನಿಂದ ಗಿರಿಜಾ ಬಿಸಿಲಿಗೆ ಕಪ್ಪಾಗಿ, ಅತ್ತೆಗೆ ಒಣಮೀನು ಹಿಡಿದುಕೊಂಡು ಬಂದಳು. ಅಲ್ಲಿ ಹೇಗಿತ್ತು ಎಂದು ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದೆ. ಸಮುದ್ರದ ಬಣ್ಣ, ಊಟ, ಅವರ ಭಾಷೆ. ಎಲ್ಲಕ್ಕೂ ಉತ್ತರ ಕೊಟ್ಟು ಕೊನೆಗೆ, ನಾನು ಕೇಳದ ಒಂದು ಮಾತು ಹೇಳಿದಳು. "ಅಲ್ಲಿ ನನಗ ಬರೇ ಆಟ ರೀ ಅಕ್ಕೋರ. ಮತ್ತೇನ ಮಾಡ್ತಿ ಅಂತ ಒಬ್ರೂ ಕೇಳಲಿಲ್ಲ." ಅವಳ ಮುಖದಲ್ಲಿ ಆಗ ಇದ್ದ ನೆಮ್ಮದಿಯನ್ನು ನಾನು ಬೇರೆ ಯಾವಾಗಲೂ ಕಾಣಲಿಲ್ಲ.

ಎರಡನೆಯ ಸಲ ಹೋದಾಗ ಕಾಲು ಹೋಯಿತು. ಚೆಂಡು ಹಿಡಿದು ಕೆಳಗಿಳಿದದ್ದೇ, ಮೊಣಕಾಲಿನೊಳಗೆ ಏನೋ ಹರಿದ ಸದ್ದು ಅವಳಿಗೇ ಕೇಳಿಸಿತಂತೆ. "ಯಾರೂ ಮುಟ್ಟಿದ್ದಿಲ್ಲ ರೀ. ಮುಟ್ಟಿದ್ರ ಬೈಯಾಕರ ಬರ್ತಿತ್ತು," ಎಂದಳು ಆಸ್ಪತ್ರೆಯಲ್ಲಿ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಎತ್ತರಕ್ಕೆ ಜಿಗಿಯುವುದು ಓಡುತ್ತಾ ತಿರುಗುವುದು ಇನ್ನು ಬೇಡ ಎಂದರು ಡಾಕ್ಟರು. ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಕೆಲಸಕ್ಕೆ ಸಂಚಕಾರ ಬರಲಿಲ್ಲ. ಕಂಪನಿಯವರು ಅವಳನ್ನು ಸ್ಟೋರ್ಸ್ ವಿಭಾಗದಲ್ಲಿ ಇಡೀ ದಿನದ ಮೇಜಿಗೆ ಕೂರಿಸಿದರು. ಒಳ್ಳೆಯದೇ ಆಯಿತಲ್ಲ ಎಂದರು ಎಲ್ಲರೂ, ನಾನೂ ಅಂದೆ. ಅವಳು ಕುಂಟುತ್ತಾ ಹೋಗಿ ಕುಂಟುತ್ತಾ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಲಿನ ಚೊಂಬು ಮುಟ್ಟದೆ ಹಾಗೆಯೇ ಇರುತ್ತಿತ್ತು. ನಾನು ಹೋಗಿ ಬಾಗಿಲು ತಟ್ಟಿದರೆ ನಗುತ್ತಾ ತೆರೆದು, ಕೂಡ್ರಿ ಅಕ್ಕೋರ ಎಂದು ಕುರ್ಚಿ ಕೊಟ್ಟು, ತಾನು ಮೊಣಕಾಲಿನ ಪಟ್ಟಿ ಬಿಚ್ಚಿ ಕಟ್ಟುತ್ತಾ ಕೂರುತ್ತಿದ್ದಳು. ಇಪ್ಪತ್ತೆಂಟು ಇಪ್ಪತ್ತೊಂಬತ್ತಕ್ಕೆ ನಿವೃತ್ತಿಯಾದವರಿಗೆ ಏನು ಹೇಳುತ್ತಾರೆ?

ಬಾಗಿಲು ತೆರೆಸಿದ್ದು ಅತ್ತೆಯ ಮಂಡಿನೋವು. ಗಿರಿಜಾಗೆ ಕಾಲಿಗೆ ದಿನವೂ ವ್ಯಾಯಾಮ ಮಾಡಬೇಕೆಂದು ಹೇಳಿದ್ದರು. ಅವಳು ಮಾಡುತ್ತಿಲ್ಲ ಎಂದು ತಿಳಿದ ಅತ್ತೆ ಗೋಡೆ ಹಿಡಿದು ಮೆಟ್ಟಿಲು ಹತ್ತಿ, "ನಂಗೂ ಕಲ್ಸು, ನನ್ ಮಂಡೀನೂ ಓಗೈತೆ," ಎಂದು ಹಟ ಹಿಡಿದರು. ಅಂದಿನಿಂದ ಸಂಜೆ ತಾರಸಿಯ ಮೇಲೆ ಚಾಪೆ ಹಾಸಿ ಇಬ್ಬರೂ ಅಕ್ಕಪಕ್ಕ ಮಲಗಿ, ಪಾದಕ್ಕೆ ರಾಗಿ ತುಂಬಿದ ಬಟ್ಟೆ ಗಂಟು ಕಟ್ಟಿಕೊಂಡು ಕಾಲೆತ್ತುವುದು. ಒಬ್ಬರ ಕಾಲು ಚಾಪೆಯಿಂದ ಹೊರಗೆ ಎಷ್ಟೋ ದೂರ, ಇನ್ನೊಬ್ಬರದು ಅರ್ಧಕ್ಕೇ ಮುಗಿಯುತ್ತಿತ್ತು.

"ಎತ್ರಿ ಆಯಿ. ತಡೀರಿ… ತಡೀರಿ… ಈಗ ಇಳಸ್ರಿ."

"ಸಾಯಿಸ್ತೀಯೇನೇ ಮುಂಡೇದೇ!"

ನಾನು ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತು ನಗುತ್ತಿದ್ದೆ. ಹಾಗೆ ಒಂದು ಸಂಜೆ ವ್ಯಾಯಾಮ ಮುಗಿಸಿ ಇಬ್ಬರೂ ಗೋಡೆಗೊರಗಿ ಕೂತಿದ್ದಾಗ ಗಿರಿಜಾ ಕೇಳಿದಳು: "ಆಯಿ, ಹೊಲಾ ಬಿಟ್ಟ ಮ್ಯಾಲೆ ನೀವು ಏನ ಮಾಡಿದ್ರಿ?"

ಅತ್ತೆ ದೂರದ ಗಾಜಿನ ಕಟ್ಟಡದತ್ತ ಕೈ ತೋರಿಸಿದರು. "ಅದ್ರ ಪಕ್ಕ ಕಾರ್ ನಿಲ್ಲುಸ್ತಾರಲ್ಲ, ಅಲ್ಲೇ ನಮ್ ಒಲ. ಏನ್ ಮಾಡೋದು? ಮೊದ್ಲುನೇ ವರ್ಸ ಮಳೆ ಬಿದ್ದೇಟ್ಗೆ, ಬಿತ್ನೆ ಒತ್ತಾಯ್ತು ಅಂತ ಎದ್ದು ಒಂಟ್ಬುಟ್ಟೆ. ಓಗಿ ನೋಡುದ್ರೆ ತಂತಿ ಬೇಲಿ. ವಾಚ್ಮನ್ ಬಂದು ಏನ್ ಬೇಕಜ್ಜಿ ಅಂದ. ಏನೂ ಬ್ಯಾಡಪ್ಪ ಅಂದು ವಾಪಸ್ ಬಂದೆ."

ಚಾಚಿದ ಕಾಲನ್ನು ನೀವಿಕೊಳ್ಳುತ್ತಾ ಅವರೇ ಮುಂದುವರಿಸಿದರು. "ಮಾರುದ್ರಲ್ಲಾ ಅಂತ ಬೇಜಾರಿಲ್ಲ ಕಣವ್ವ. ಮಾರಿದ್ದು ನಾವೇ. ಕೊನೇ ಸಲ ರಾಗಿ ಕುಯ್ದಾಗ, ಇದೇ ಕೊನೇದು ಅಂತ ನಂಗೆ ಯಾರೂ ಏಳ್ಲಿಲ್ಲ. ಗಂಡಸ್ರು ಅವ್ರವ್ರೇ ಮಾತಾಡ್ಕೊಂಡಿದ್ರು. ನಾನು ಯಾವತ್ತಿನಂಗೇ ಕುಯ್ದು, ಯಾವತ್ತಿನಂಗೇ ಸೊಂಟ ನೋವು ಅಂದ್ಕೊಂಡು ಮನೇಗ್ ಬಂದೆ. ಗೊತ್ತಿದ್ರೆ ಒಂದ್ ಗಳಿಗೆ ನಿಂತು ನೋಡ್ಕೊಂಡು ಬರ್ತಿದ್ದೆ. ಅಷ್ಟೇಯ."

ಎಷ್ಟು ವರ್ಷ ಅವರ ಜೊತೆ ಒಂದೇ ಒಲೆಯ ಮುಂದೆ ಕಳೆದವಳು ನಾನು. ಈ ಮಾತು ಅಂದೇ ಮೊದಲು ಕೇಳಿದ್ದು. ಕೇಳಬೇಕಾದ ಪ್ರಶ್ನೆ ನನಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆಯಿತು. ಗಿರಿಜಾ ಅತ್ತೆಯ ಕಾಲಿನ ರಾಗಿ ಗಂಟು ಬಿಚ್ಚಿ, ಹಿಮ್ಮಡಿ ತಿಕ್ಕುತ್ತಾ ಕೂತಳು.

ಆಮೇಲೆ ಒಂದು ತಿಂಗಳಿಗೋ ಏನೋ, ನನ್ನ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕೋರ, ನಾ ಇನ್ನೊಂದು ಮ್ಯಾಚ್ ಆಡ್ತೀನಿ."

ನಾನು ಒಲೆ ಆರಿಸಿ ಅವಳತ್ತ ತಿರುಗಿದೆ. "ಡಾಕ್ಟ್ರು ಏನಂದಿದ್ರು ಮರ್ತ್ಯಾ?"

"ಅವರನ್ನೂ ಕೇಳೀನ್ರಿ. ಜಿಗಿಯಬ್ಯಾಡ, ತಿರುಗಬ್ಯಾಡ, ಪಟ್ಟಿ ಕಟಗೊಂಡು ಬೇಕಾದ್ರ ಸ್ವಲ್ಪ ಹೊತ್ತು ನಿಂತು ಬಾ ಅಂದಾರ. ಕೋಚ್ ಮೇಡಂನೂ ಹೂಂ ಅಂದಾರ."

"ಜಿಗೀದೆ ಅದೇನ್ ಆಡ್ತೀಯಮ್ಮ?"

"ಗೊತ್ತಿಲ್ರಿ," ಎಂದಳು. "ಇದು ಕಡೀದು ಅಂತ ಗೊತ್ತಿಟ್ಕೊಂಡು ಆಡ್ತೀನಿ. ಹೋದ ಸಲ ಗೊತ್ತಿದ್ದಿಲ್ಲಲ್ಲ."

ಅದು ದೊಡ್ಡ ಪಂದ್ಯವೇನಲ್ಲ. ವಾರದ ನಡುವೆ, ಮಧ್ಯಾಹ್ನದ ಹೊತ್ತು, ಕಂಪನಿ ತಂಡಗಳ ನಡುವಿನ ಒಂದು ಸಾಧಾರಣ ಆಟ. ನೋಡುವವರೆಂದರೆ ಮುಂದಿನ ಪಂದ್ಯದ ಹುಡುಗರು, ನಿದ್ದೆ ಹೊಡೆಯುತ್ತಿದ್ದ ಒಬ್ಬ ಮುದುಕ, ರಜೆ ಹಾಕಿ ಬಂದ ನಾನು, ಮತ್ತೆ ಅತ್ತೆ. ಗಿರಿಜಾ ಬಹಳ ಹೊತ್ತು ಬೆಂಚಿನ ಮೇಲೇ ಇದ್ದಳು. ಅವರ ತಂಡ ಮುಂದಿತ್ತು. ಮುಗಿಯಲು ಸ್ವಲ್ಪವೇ ಹೊತ್ತಿದೆ ಎನ್ನುವಾಗ ಕೋಚ್ ಕೈಸನ್ನೆ ಮಾಡಿದರು. ಅವಳು ಓಡದೆ, ನಡೆದುಕೊಂಡೇ ಹೋಗಿ ಬುಟ್ಟಿಯ ಕೆಳಗಿನ ತನ್ನ ಜಾಗದಲ್ಲಿ ಕಾಲೂರಿ ನಿಂತಳು. ಎದುರು ತಂಡದವಳಿಗೆ ಇದೆಲ್ಲ ಏನು ಗೊತ್ತು? ಬಂದವಳೇ ಮೊಣಕೈಯಿಂದ ಒಂದು ತಿವಿದಳು. ಗಿರಿಜಾ ನಕ್ಕದ್ದು ನಮಗೆ ಅಷ್ಟು ದೂರದಿಂದಲೂ ಕಂಡಿತು.

ಎರಡು ಮೂರು ಸಲ ಚೆಂಡು ಅವಳ ತಲೆಯ ಮೇಲಿನಿಂದ ಬೇರೆಯವರ ಕೈಗೆ ಹೋಯಿತು. ಅವಳ ಮೈ ಜಿಗಿಯಲು ಹೊರಟು, ಅವಳು ಅದನ್ನು ತಡೆದದ್ದು ತಿಳಿಯುತ್ತಿತ್ತು. ನಾನು ಸೆರಗು ಹಿಂಡುತ್ತಾ ಕೂತಿದ್ದೆ. ಅಷ್ಟರಲ್ಲಿ ಯಾರೋ ದೂರದಿಂದ ಎಸೆದರು. ಚೆಂಡು ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ಸಿಡಿಯಿತು. ಉಳಿದವರೆಲ್ಲ ಒಂದು ಕಡೆ ಜಿಗಿದರೆ ಗಿರಿಜಾ ಮಾತ್ರ ಎರಡು ಹೆಜ್ಜೆ ಇನ್ನೊಂದು ಕಡೆ ಸರಿದು ಕೈ ಎತ್ತಿದಳು. ಚೆಂಡು ಬಂದು ಆ ಕೈಗಳಲ್ಲಿ ಕೂತಿತು. ನೆಲದಿಂದ ಅವಳ ಪಾದ ಎದ್ದೇ ಇರಲಿಲ್ಲ.

ಈಗ ಅವಳೇ ಬುಟ್ಟಿಗೆ ಹಾಕುತ್ತಾಳೆ ಎಂದು ನಾನು ಎದ್ದು ನಿಂತೆ. ಅವಳು ಹಾಕಲಿಲ್ಲ. ಹೊರಗೆ ಒಬ್ಬಳೇ ನಿಂತಿದ್ದ ತಂಡದ ಹೊಸ ಹುಡುಗಿಗೆ ಎಸೆದಳು. ಆ ಹುಡುಗಿ ಗುರಿಯಿಟ್ಟು ಹೊಡೆದಳು, ಅದು ಬುಟ್ಟಿಯ ಹತ್ತಿರವೂ ಹೋಗಲಿಲ್ಲ. ಸೀಟಿ ಊದಿದರು. ಆಟ ಮುಗಿಯಿತು.

"ಬಿತ್ತಾ?" ಎಂದರು ಅತ್ತೆ.

"ಇಲ್ಲ ಅತ್ತೆ."

"ಓಗ್ಲಿ ಬುಡು."

ಎಲ್ಲರೂ ಕೈ ಕುಲುಕಿ ಬ್ಯಾಗು ಎತ್ತಿಕೊಂಡು ಹೊರಟರು. ಗಿರಿಜಾ ಹೊರಡಲಿಲ್ಲ. ಅಂಕಣದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಒಂದು ಬುಟ್ಟಿ ನೋಡಿದಳು, ಆ ತುದಿಯ ಇನ್ನೊಂದು ಬುಟ್ಟಿ ನೋಡಿದಳು, ಮೇಲಿನ ತಗಡಿನ ಮಾಡು ನೋಡಿದಳು. ಮುಂದಿನ ಪಂದ್ಯದ ಹುಡುಗರು ಚೆಂಡು ಪುಟಿಸುತ್ತಾ ಒಳಗೆ ಬಂದು ಅವಳ ಸುತ್ತಲೇ ಓಡತೊಡಗಿದರು. ಅವಳು ಕದಲಲಿಲ್ಲ. ಬಸ್ಸಿಗೆ ತಡವಾಗುತ್ತದೆಂದು ನಾನು ಕರೆಯಲು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಕರೀಬ್ಯಾಡ. ನೋಡ್ಕೊಳ್ಲಿ."

ಅವಳು ನೋಡಿಕೊಂಡು, ಸಾಕೆನಿಸಿದ ಮೇಲೆ ತಾನಾಗಿಯೇ ಬಂದಳು. ಮುಖ ಒದ್ದೆಯಾಗಿತ್ತು, ಬೆವರೋ ಏನೋ. "ನಡೀರಿ ಆಯಿ, ಹಸಿವಿ ಆಗೈತಿ," ಎಂದಳು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಮೂರು ಮಸಾಲೆದೋಸೆ ತಿಂದೆವು. ಅತ್ತೆ ಉಳಿಸಿದ ಅರ್ಧ ದೋಸೆಯನ್ನೂ ಅವಳೇ ತಿಂದಳು.

ಆಮೇಲೆ ಅವಳು ಸ್ಟೋರ್ಸಿನ ಕೆಲಸ ಕಲಿತಳು, ಇಲಾಖೆಯ ಪರೀಕ್ಷೆ ಕಟ್ಟಿ ಪಾಸಾದಳು, ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡು ಹೋದಳು. ಅಲ್ಲೊಬ್ಬರು ಮೇಷ್ಟರನ್ನು ಮದುವೆಯಾದಳು. "ನಮ್ಮವರು ನನ್ನ ಹೆಗಲಿಗೆ ಬರ್ತಾರ ರೀ," ಎಂದು ಫೋನಿನಲ್ಲಿ ನಕ್ಕಳು. ಹಬ್ಬಗಳಿಗೆ ಫೋನು ಮಾಡುತ್ತಾಳೆ. ಅತ್ತೆಗೆ ಈಗ ಕಿವಿ ಮಂದ, ಆದರೂ ಫೋನು ಕಿವಿಗೆ ಒತ್ತಿಕೊಂಡು, "ಕಾಲ್ ಎತ್ತುತೀಯೇನೇ ದಿನಾ?" ಎಂದು ಊರಿಗೆಲ್ಲ ಕೇಳುವಂತೆ ವಿಚಾರಿಸುತ್ತಾರೆ. ಉಳಿದ ಹೊತ್ತು ಟೀವಿಯಲ್ಲಿ ಕಬಡ್ಡಿ ನೋಡುತ್ತಾರೆ.

ಇಷ್ಟನ್ನೆಲ್ಲ ನಿಮಗೆ ಹೇಳುತ್ತಾ ಕೂತಿರುವ ನನಗೆ ಬರುವ ವರ್ಷ ಅರವತ್ತು. ಶಾಲೆಯಲ್ಲಿ ಬೀಳ್ಕೊಡುಗೆಯ ಮಾತು ಈಗಲೇ ಶುರುವಾಗಿದೆ. ಶಾಲು, ಹಾರ, ಭಾಷಣ, ಯಾರನ್ನು ಕರೆಯಬೇಕು, ಊಟಕ್ಕೆ ಏನು. ಕೊನೆಯ ದಿನ ಬೆಳಿಗ್ಗೆಯಿಂದಲೇ ಸಭೆ ಇಟ್ಟುಕೊಳ್ಳೋಣ, ಪಾಠಗೀಠ ಬೇಡ ಎಂದು ತೀರ್ಮಾನವಾಗುವುದರಲ್ಲಿತ್ತು. ನಿನ್ನೆ ನಾನು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ, ಸಭೆಯನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ, ಆ ದಿನ ಕೊನೆಯ ತರಗತಿ ನನಗೇ ಬಿಡಿ ಎಂದೆ.

ಅವರು ನನಗಿಂತ ಚಿಕ್ಕವರು. ಅರ್ಥವಾಗದೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾಕೆ ಮೇಡಂ? ಪಾಠ ಎಲ್ಲ ಮುಗಿದಿರುತ್ತಲ್ಲ. ಅವತ್ತು ಏನ್ ಹೇಳ್ಕೊಡ್ತೀರಿ?"

"ನಂಗೂ ಗೊತ್ತಿಲ್ಲ ಮೇಡಂ," ಎಂದೆ. "ಮೊದ್ಲು ಹಾಜರಿ ಕರೀತೀನಿ. ಒಂದೊಂದ್ ಹೆಸ್ರೂ ನಿಧಾನವಾಗಿ ಕರೀತೀನಿ."